ಮಂಡ್ಯದ ಹೆಂಗಸರು ಫೇಸ್‌ಬುಕ್ ಲೆಕ್ಕದಲ್ಲಿ ಎಲ್ಲಿದ್ದಾರೆ?

ಜಾಹೀರಾತು ಹಾಕುವವರಿಗೆ ಫೇಸ್‌ಬುಕ್‌ನಲ್ಲಿ ಒಂದು ಅನುಕೂಲ ಇದೆ. ದುಡ್ಡು ಕಟ್ಟುವ ಮೊದಲೇ ಎಷ್ಟು ಜನಕ್ಕೆ ತಲುಪಬಹುದು ಅಂತ ಅಂದಾಜು ತೋರಿಸುತ್ತದೆ. ಆ್ಯಡ್ಸ್ ಮ್ಯಾನೇಜರ್ ತೆರೆದು ಊರು, ವಯಸ್ಸು, ಗಂಡೋ ಹೆಣ್ಣೋ ಅಂತ ಆರಿಸಿದರೆ ಸಾಕು, ಪಕ್ಕದಲ್ಲೇ 'ಇಷ್ಟರಿಂದ ಇಷ್ಟು' ಎಂದು ಎರಡು ಅಂಕಿ ಬರುತ್ತವೆ. ಪಬ್ಲಿಶ್ ಒತ್ತದೇ ಇದ್ದರೆ ಒಂದು ರೂಪಾಯಿಯೂ ಖರ್ಚಿಲ್ಲ.

ಮಂಡ್ಯದ ಸಣ್ಣ ಅಂಗಡಿಗಳಿಗೆ, ತರಬೇತಿ ಕೇಂದ್ರಗಳಿಗೆ ಜಾಹೀರಾತು ಹಾಕಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಅಂಕಿ ನನಗೆ ದಿನಾ ಕಾಣುವಂಥದ್ದು. ಬಂದವರೆಲ್ಲ ಮೊದಲು ಕೇಳುವುದೂ ಅದನ್ನೇ: "ಎಷ್ಟು ಜನಕ್ಕೆ ಹೋಗುತ್ತೆ ಮೇಡಂ?"

ಇತ್ತೀಚೆಗೆ ಹಾಗೆ ಕೇಳಿದವರು ಹೊಲಿಗೆ ತರಗತಿ ನಡೆಸುವ ಒಬ್ಬ ಅಕ್ಕ. ಬ್ಲೌಸ್ ಕಟಿಂಗ್, ಆರಿ ವರ್ಕ್, ಮಕ್ಕಳ ಫ್ರಾಕು ಎಲ್ಲ ಹೇಳಿಕೊಡುತ್ತಾರೆ. ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬರಬೇಕು ಅನ್ನುವುದು ಅವರ ಆಸೆ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಂಡ್ಯದ ಮೇಲೆ ಪಿನ್ ಇಟ್ಟೆ. ಕೆರಗೋಡು, ಬಸರಾಳು ಸೇರುವಷ್ಟು ಸುತ್ತಳತೆ ಕೊಟ್ಟೆ. ವಯಸ್ಸು 18ರಿಂದ 45. ಮೊದಲು ಗಂಡಸರು, ಆಮೇಲೆ ಹೆಂಗಸರು ಅಂತ ಬದಲಿಸಿ ತೋರಿಸಿದೆ. ಗಂಡಸರ ಸಂಖ್ಯೆ ಹೆಂಗಸರ ಎರಡು ಪಟ್ಟಿಗಿಂತಲೂ ಜಾಸ್ತಿ ಇತ್ತು.

"ಹಂಗಾದ್ರೆ ನಮ್ಮೂರ ಹೆಂಗಸ್ರೆಲ್ಲ ಎಲ್ಲೋದ್ರು?" ಅಂದರು ಅವರು.

ಅದೇ ಸರಿಯಾದ ಪ್ರಶ್ನೆ. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ. ಸಾವಿರ ಗಂಡಸರಿಗೆ 995 ಹೆಂಗಸರು. ಹೆಚ್ಚುಕಮ್ಮಿ ಸಮ ಸಮ ಅಲ್ವಾ? ಊರಲ್ಲಿ ಸಮ ಇರುವವರು ಫೇಸ್‌ಬುಕ್ ಲೆಕ್ಕದಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ, ಆ ವ್ಯತ್ಯಾಸವೇ ಒಂದು ಮಾಹಿತಿ. ಇದನ್ನು ಸಂಶೋಧಕರೂ ಬಳಸಿಕೊಂಡಿದ್ದಾರೆ. ಆಕ್ಸ್‌ಫರ್ಡ್‌ನ ರಿಧಿ ಕಶ್ಯಪ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ಜಾಹೀರಾತು ಅಂದಾಜುಗಳನ್ನು ಇಟ್ಟುಕೊಂಡು ಬೇರೆ ಬೇರೆ ದೇಶಗಳಲ್ಲಿ ಇಂಟರ್ನೆಟ್ ಬಳಸುವ ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಅಳೆದರು. ಸರ್ಕಾರಿ ಅಂಕಿ ಸಿಗದ ದೇಶಗಳಿಗೂ ಇದರಿಂದ ಒಂದು ಅಂದಾಜು ಸಿಕ್ಕಿತು. ಅಂಗಡಿಯವರಿಗೆ ಅಂತ ಇಟ್ಟ ಅಂಕಿ ಇಂಥ ಕೆಲಸಕ್ಕೂ ಬಂತಲ್ಲ, ನನಗೆ ಅದು ಬಹಳ ಇಷ್ಟವಾದ ವಿಷಯ.

ಆದರೆ ಆ ಅಂಕಿಯನ್ನೇ ಊರಿನ ಜನಸಂಖ್ಯೆ ಅಂದುಕೊಳ್ಳಬಾರದು. ಇದು ಜನಗಣತಿಗೆ ಹೊಂದಬೇಕಾದ ಲೆಕ್ಕ ಅಲ್ಲ ಎಂದು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯೇ ಬರೆದಿದೆ. 2017ರಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯೂ ಆಗಿತ್ತು. ಅಲ್ಲಿ 18ರಿಂದ 24 ವರ್ಷದ 4.1 ಕೋಟಿ ಜನರನ್ನು ತಲುಪಬಹುದು ಎಂದು ಫೇಸ್‌ಬುಕ್ ತೋರಿಸುತ್ತಿತ್ತು. ಅಲ್ಲಿನ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಆ ವಯಸ್ಸಿನವರು ಇದ್ದದ್ದೇ ಸುಮಾರು 3.1 ಕೋಟಿ.

ನಮ್ಮ ಕಡೆ ಅಂಕಿ ಉಬ್ಬುವುದಕ್ಕೆ ನಮ್ಮದೇ ಕಾರಣಗಳಿವೆ. ಊರು ಆರಿಸಿದಾಗ ಅಲ್ಲಿ ವಾಸ ಇರುವವರ ಜೊತೆಗೆ ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಸೇರುತ್ತಾರೆ. ದಸರಾ ಸಮಯದಲ್ಲಿ ಮೈಸೂರಿನ ಅಂಕಿ ನೋಡುವವರು ಇದನ್ನು ನೆನಪಿಡಬೇಕು. ಮದ್ದೂರಿನಲ್ಲಿ ವಡೆ ತಿನ್ನಲು ಗಾಡಿ ನಿಲ್ಲಿಸಿದ ಬೆಂಗಳೂರಿನವರು ಹೊಲಿಗೆ ಕಲಿಯಲು ಮಂಡ್ಯಕ್ಕೆ ಬರುತ್ತಾರಾ? ಇನ್ನು ಪಾಸ್‌ವರ್ಡ್ ಮರೆತು ಹೊಸ ಫೋನಿಗೆ ಹೊಸ ಖಾತೆ ತೆರೆದವರಂತೂ ಮನೆಗೊಬ್ಬರು ಸಿಗುತ್ತಾರೆ.

ಭಾಷೆಯ ಆಯ್ಕೆಯಲ್ಲಿ ಇದರ ಉಲ್ಟಾ ಆಗುತ್ತದೆ. ಕನ್ನಡ ಅಂತ ಆರಿಸಿದ ಕೂಡಲೇ ಮಂಡ್ಯದಲ್ಲೂ ಸಂಖ್ಯೆ ಧಡಕ್ಕನೆ ಇಳಿಯುತ್ತದೆ. ಕನ್ನಡ ಬಿಟ್ಟು ಬೇರೆ ಮಾತೇ ಆಡದ ಜನ ಇರುವ ಜಿಲ್ಲೆ ಇದು! ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು, ಓದುವುದು ನೋಡುವುದು ಎಲ್ಲ ಕನ್ನಡದಲ್ಲಿ ಮಾಡುವವರು ಆ ಲೆಕ್ಕದಿಂದ ಜಾರಿಹೋಗುತ್ತಾರೆ. ಅದಕ್ಕೇ ನಾನು ಭಾಷೆಯ ಜಾಗ ಖಾಲಿ ಬಿಟ್ಟು, ಜಾಹೀರಾತನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ.

ಮತ್ತೆ ಹೆಂಗಸರ ವಿಷಯಕ್ಕೆ ಬರುತ್ತೇನೆ. ಆ ಅಕ್ಕನ ತರಗತಿಯಲ್ಲೇ ಕೂತು, ಈಗ ಕಲಿಯುತ್ತಿರುವವರ ಹತ್ತಿರ ಮಾತಾಡಿದೆ. ಒಬ್ಬರ ಮನೆಯಲ್ಲಿ ಇರುವುದೇ ಒಂದು ಒಳ್ಳೆ ಫೋನು. ಬೆಳಿಗ್ಗೆ ಅದು ಗಂಡನ ಜೇಬಿನಲ್ಲಿ ಗದ್ದೆಗೆ ಹೋಗುತ್ತದೆ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಇವರ ಕೈಗೆ ಬರುತ್ತದೆ. ಇನ್ನೊಬ್ಬರು ಫೇಸ್‌ಬುಕ್ ನೋಡುತ್ತಾರೆ, ಆದರೆ ಖಾತೆ ಮಗನದು. ಹೆಸರು ಮಗನದು, ವಯಸ್ಸು ಮಗನದು, ಫೋಟೋ ಮಾತ್ರ ಚಾಮುಂಡೇಶ್ವರಿಯದು. ಫೇಸ್‌ಬುಕ್ ಲೆಕ್ಕದಲ್ಲಿ ಈಕೆ ಇಪ್ಪತ್ತರ ಆಸುಪಾಸಿನ ಹುಡುಗ. ಮತ್ತೊಬ್ಬಳಿಗೆ ಯೂಟ್ಯೂಬ್, ವಾಟ್ಸಾಪ್ ಬಿಟ್ಟರೆ ಬೇರೇನೂ ಬೇಡ. ಫೇಸ್‌ಬುಕ್‌ನಲ್ಲಿ ಯಾರ್ಯಾರೋ ಮೆಸೇಜ್ ಮಾಡಿ ತಲೆ ತಿಂತಾರೆ ಅಂತ ಖಾತೆಯನ್ನೇ ಅಳಿಸಿಬಿಟ್ಟಿದ್ದಾಳೆ. ಹೆಣ್ಣುಮಕ್ಕಳು ಆ ಜಾಗ ಬಿಟ್ಟು ಎದ್ದುಹೋಗುವಂತೆ ಮಾಡಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಸೇರುವಾಗ 'ನಿಮಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯಿರಿ ಅಂತ ಆ ಅಕ್ಕನಿಗೆ ಹೇಳಿದ್ದೆ. ಪಾಪ, ಶಿಸ್ತಾಗಿ ಬರೆದಿಟ್ಟಿದ್ದಾರೆ. 'ಡೇರಿ ಹತ್ರ ಹೇಳ್ತಿದ್ರು', 'ಸಂಘದ ಮೀಟಿಂಗಲ್ಲಿ' ಎಂಬ ಉತ್ತರಗಳ ನಡುವೆ ಒಂದು ಉತ್ತರ ಮತ್ತೆ ಮತ್ತೆ ಬಂದಿತ್ತು: 'ನಮ್ಮಣ್ಣ ಫೋನಲ್ಲಿ ತೋರಿಸ್ದ.' ಕೆಲವು ಕಡೆ ಅಣ್ಣ, ಕೆಲವು ಕಡೆ ಗಂಡ, ಒಂದು ಕಡೆ ಮಾವ.

ಫೇಸ್‌ಬುಕ್ ಹೇಳುವ ರೀಚ್ ಅಂದರೆ ಜಾಹೀರಾತು ಒಂದು ಸಲವಾದರೂ ಕಂಡ ಖಾತೆಗಳ ಲೆಕ್ಕ. ಆ ಫೋನನ್ನು ಎಷ್ಟು ಜನ ಬಗ್ಗಿ ನೋಡಿದರು, ಯಾರು ಯಾರಿಗೆ ತೋರಿಸಿದರು ಅನ್ನುವುದು ಅದಕ್ಕೆ ಕಾಣುವುದಿಲ್ಲ. ಬರೀ ಹೆಂಗಸರಿಗೆ ಎಂದು ಜಾಹೀರಾತು ಹಾಕಿದ್ದರೆ ಆ ಅಣ್ಣಂದಿರಿಗೆ ಅದು ಕಾಣುತ್ತಲೇ ಇರಲಿಲ್ಲ.

ಹಾಗಾಗಿ ಮುಂದಿನ ಬ್ಯಾಚಿಗೆ ಎರಡು ಜಾಹೀರಾತು ಹಾಕುತ್ತಿದ್ದೇವೆ. ಹೆಂಗಸರಿಗೆ ಹೋಗುವುದರಲ್ಲಿ ಮಷಿನ್ ಮುಂದೆ ಕೂತವರ ಕೈ, ಅರ್ಧ ಮುಗಿದ ಬ್ಲೌಸು, ಫೀಸು, ಬಸ್ ಸ್ಟಾಂಡಿನಿಂದ ಎಷ್ಟು ದೂರ ಅನ್ನುವುದು. ಗಂಡಸರಿಗೆ ಹೋಗುವುದರಲ್ಲಿ ಅದೇ ಫೋಟೋ, ಮೇಲೆ ಒಂದೇ ಸಾಲು: 'ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ತೋರಿಸಿ.' ಎರಡಕ್ಕೂ ದುಡ್ಡು ಸಮ. ಇದರ ಜೊತೆಗೆ ಒಂದಷ್ಟು ದುಡ್ಡು ತೆಗೆದಿಟ್ಟು ಪಾಂಪ್ಲೆಟ್ ಮಾಡಿಸಿದ್ದೇವೆ. ಬೆಳಿಗ್ಗೆ ಹಾಲು ಹಾಕಲು ಕ್ಯಾನು ಹಿಡಿದು ಬರುವವರಿಗೆ ಡೇರಿ ಬಾಗಿಲಲ್ಲೇ ಕೊಡುವುದು, ಬಸರಾಳು ಕಡೆಯ ಹಳ್ಳಿಗಳಿಂದ ಶುರು.