ಮೂರು ಪುಟ ಬರೆದ ರಿವ್ಯೂವರ್

ನನ್ನ ಸಂಶೋಧನಾ ಪೇಪರ್ ಕಳಿಸಿ ಐದು ತಿಂಗಳು ಕಾದ ಮೇಲೆ ನಿನ್ನೆ ಜರ್ನಲ್‌ನಿಂದ ಮೇಲ್ ಬಂತು. ರಿಜೆಕ್ಟ್. ಅಚ್ಚಿಗೆ ಮೊದಲು ಪೇಪರ್ ಓದಿ ಅಭಿಪ್ರಾಯ ಹೇಳೋ ತಜ್ಞರೇ ರಿವ್ಯೂವರ್‌ಗಳು. ಅವರಲ್ಲಿ ಮೊದಲನೆಯವರು ಎರಡೇ ಸಾಲಲ್ಲಿ ಚೆನ್ನಾಗಿದೆ ಅಂದಿದ್ದಾರೆ. ಎರಡನೆಯವರು ಮೂರು ಪುಟ ಬರೆದಿದ್ದಾರೆ, ನನ್ನ ನಾಲ್ಕನೇ ಗ್ರಾಫ್‌ನಲ್ಲಿ ಯೂನಿಟ್ಟೇ ಇಲ್ಲ ಅನ್ನೋದನ್ನೂ ಬಿಟ್ಟಿಲ್ಲ. ನೋಡಿದೆ, ನಿಜವಾಗಿಯೂ ಇಲ್ಲ!

ಇಂಥ ಹೊತ್ತಲ್ಲಿ ನನಗೆ ಐನ್‌ಸ್ಟೈನ್ ನೆನಪಾಗುತ್ತಾರೆ. 1936ರಲ್ಲಿ ಅವರು, ಸಹೋದ್ಯೋಗಿ ರೋಸೆನ್ ಸೇರಿ, ಗುರುತ್ವದ ಅಲೆಗಳು (ದೇಶ-ಕಾಲದಲ್ಲಿ ಹರಡುವ ಕಂಪನ) ಇಲ್ಲವೇ ಇಲ್ಲ ಅಂತ ಒಂದು ಪೇಪರ್ ಬರೆದು ಅಮೆರಿಕದ ಫಿಸಿಕಲ್ ರಿವ್ಯೂಗೆ ಕಳಿಸಿದ್ದರು. ಸಂಪಾದಕ ಜಾನ್ ಟೇಟ್ ಅದನ್ನು ಇನ್ನೊಬ್ಬ ತಜ್ಞರಿಗೆ ಓದಲು ಕೊಟ್ಟರು, ಅವರು ತಪ್ಪಿದೆ ಅಂತ ಉದ್ದದ ವರದಿ ಬರೆದರು. ಅಚ್ಚಾಗುವ ಮೊದಲೇ ಬೇರೆಯವರಿಗೆ ಯಾಕೆ ತೋರಿಸಿದಿರಿ ಅಂತ ಐನ್‌ಸ್ಟೈನ್ ಸಿಟ್ಟಾಗಿ ಪೇಪರ್ ವಾಪಸ್ ತಗೊಂಡರು. ಪಾಪ, ಅವರಿಗೆ ಈ ಪದ್ಧತಿ ರೂಢಿಯೇ ಇರಲಿಲ್ಲ.

ತಮಾಷೆ ಏನು ಗೊತ್ತಾ? ಅದೇ ಪೇಪರ್ 1937ರಲ್ಲಿ ಬೇರೆ ಜರ್ನಲ್‌ನಲ್ಲಿ ಬಂದಾಗ ತೀರ್ಮಾನವೇ ಉಲ್ಟಾ ಆಗಿತ್ತು. ತಪ್ಪು ಹಿಡಿದಿದ್ದ ಆ ರಿವ್ಯೂವರ್, ಭೌತವಿಜ್ಞಾನಿ ರಾಬರ್ಟ್‌ಸನ್. ಅವರು ತಾನೇ ರಿವ್ಯೂವರ್ ಅಂತ ಹೇಳಿಕೊಳ್ಳದೆ, ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಅವರ ಸಹಾಯಕ ಇನ್‌ಫೆಲ್ಡ್‌ಗೆ ತಪ್ಪನ್ನು ಸುಮ್ನೆ ಮಾತಿನ ನಡುವೆ ವಿವರಿಸಿದ್ದರಂತೆ.

ಇವತ್ತು ಬೆಳಿಗ್ಗೆ ಯೂನಿಟ್ ಹಾಕಿದೆ. ಮೂರನೇ ಪುಟದ ಟೀಕೆ ಇನ್ನೂ ಓದಿಲ್ಲ, ಕಾಫಿ ಕುಡಿದು ಓದೋಣ ಅಂತ.