ಬೆಲ್ಟ್ ಬಿಚ್ಚಿ ಅಂದರೆ ಯಾರೂ ಬಿಚ್ಚುವುದಿಲ್ಲ

ವಿಮಾನ ಮೇಲಿದ್ದಾಗ ಜನ ನಮ್ಮ, ಅಂದರೆ ಕ್ಯಾಬಿನ್ ಕ್ರೂ ಮಾತು ಕೇಳುತ್ತಾರೆ. ಕೆಳಗೆ ನಿಂತಿದ್ದಾಗ ಕೇಳುವುದಿಲ್ಲ. ಕಿಟಕಿಯಲ್ಲಿ ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಯ ಗುಡ್ಡ ಕಾಣುತ್ತಿರುತ್ತದೆ, ಬಾಗಿಲಿಗೆ ಮೆಟ್ಟಿಲು ತಾಗಿಸಿಯೇ ಇರುತ್ತದೆ, ಫೋನಿಗೆ ನೆಟ್‌ವರ್ಕ್ ಸಿಗುತ್ತದೆ. ಮತ್ತೆ ಇವಳ್ಯಾರು ಹೇಳುವುದಕ್ಕೆ ಅಂತ. ನಮ್ಮ ಕಂಪನಿಯದೂ ಹೆಚ್ಚುಕಡಿಮೆ ಅದೇ ಲೆಕ್ಕ. ಚಾಕ್, ಅಂದರೆ ಚಕ್ರಕ್ಕೆ ಕೊಟ್ಟ ಅಡ್ಡ, ತೆಗೆದ ಮೇಲೆ ಗಂಟೆ ಎಣಿಸುತ್ತಾರೆ. ಅದಕ್ಕೆ ಮೊದಲು ವಿಮಾನ ನಿಲ್ಲಿಸುವ ಜಾಗದಲ್ಲಿ, ನಮ್ಮ ಭಾಷೆಯಲ್ಲಿ ಬೇಯಲ್ಲಿ, ಎಷ್ಟು ಬೆಂದರೂ ಫ್ಲೈಯಿಂಗ್ ಅಲವೆನ್ಸ್ ಇಲ್ಲ.

ಅವತ್ತು ಮಂಗಳೂರು–ದುಬೈ. ಏಪ್ರಿಲ್ ಸೆಕೆ, ಫುಲ್ ಲೋಡ್. ಬೋರ್ಡಿಂಗ್ ಮುಗಿಯಿತು ಅನ್ನುವಾಗ ಕ್ಯಾಪ್ಟನ್ ಇನ್ನಷ್ಟು ಫ್ಯುಯೆಲ್ ಬೇಕು ಅಂದರು, ಹೋಗಿದ್ದ ಬೌಸರ್, ಅಂದರೆ ಎಣ್ಣೆ ಟ್ಯಾಂಕರ್, ವಾಪಸ್ ಬಂತು. ನಿಂತಿದ್ದಾಗ ಎಸಿ ನಡೆಸುವ ಸಣ್ಣ ಎಂಜಿನ್, ಎಪಿಯು, ಅದರ ಗಾಳಿ ಇದ್ದೂ ಇಲ್ಲದ ಹಾಗೆ. ಜನ ಸೀಟ್ ಪಾಕೆಟ್‌ನಿಂದ ಸೇಫ್ಟಿ ಕಾರ್ಡ್ ಎಳೆದು ಬೀಸಿಕೊಳ್ಳುತ್ತಿದ್ದರು. ನಾವು ಎಷ್ಟು ಸಲ ಓದಿ ಅಂದರೂ ಮುಟ್ಟದ ಕಾರ್ಡ್ ಅದು.

ಪ್ರಯಾಣಿಕರು ಒಳಗಿರುವಾಗ ಫ್ಯುಯೆಲಿಂಗ್ ಅಂದರೆ ಬೆಲ್ಟ್ ಸೈನ್ ಆಫ್, ಎಲ್ಲರ ಬೆಲ್ಟೂ ಬಿಚ್ಚಿರಬೇಕು, ಐಲ್, ಅಂದರೆ ಸೀಟುಗಳ ನಡುವಿನ ದಾರಿ, ಖಾಲಿ ಇರಬೇಕು, ಬಾಗಿಲಲ್ಲಿ ನಾವಿರಬೇಕು. ನಮ್ಮ ಲೀಡ್, ಅಂದರೆ ಕ್ರೂ ಮುಖ್ಯಸ್ಥೆ, ಮೈಕಿನಲ್ಲಿ ಹೇಳಬೇಕಾದ್ದನ್ನು ಬರೆದಿಟ್ಟ ಪಿಎ ಬುಕ್ ತೆಗೆದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಚಂದ ಮಾಡಿ ಓದಿದಳು. ಓದಿ ಮುಗಿಸುವಷ್ಟರಲ್ಲಿ ಕಟಕ್ ಕಟಕ್ ಅಂತ ಸಾಲು ಸಾಲಾಗಿ ಸದ್ದು. ಬಿಚ್ಚಿದ್ದವರೂ ಬೆಲ್ಟ್ ಹಾಕಿಕೊಂಡರು! ಪಿಎಯಲ್ಲಿ 'ಸೀಟ್ ಬೆಲ್ಟ್' ಅಂತ ಕಿವಿಗೆ ಬಿದ್ದರೆ ಸಾಕು, ಮುಂದಿನದ್ದನ್ನು ಯಾರೂ ಕೇಳುವುದಿಲ್ಲ, ಕೈ ಬಕಲ್‌ಗೆ ಹೋಗುತ್ತದೆ.

ನಾನು ಎಲ್2, ಅಂದರೆ ಹಿಂದಿನ ಎಡ ಬಾಗಿಲಲ್ಲಿ. ಹಿಂದಿನ ಸಾಲುಗಳಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ, ಉಪ್ಪಳ, ಕುಂಬಳೆ, ಬದಿಯಡ್ಕ. ಕಣ್ಣೂರಿನಲ್ಲಿ 2018ರಿಂದ ಏರ್‌ಪೋರ್ಟ್ ಇದ್ದರೂ ಕಾಸರಗೋಡಿನ ಬಡಗು ಭಾಗದವರಿಗೆ ಇವತ್ತಿಗೂ ಬಜ್ಪೆಯೇ ಹತ್ತಿರ. ಊರಿನವರಲ್ವಾ, ಹೇಳಿದರೆ ಕೇಳುತ್ತಾರೆ ಅಂದುಕೊಂಡು ಬಾಗಿಲಿಗೆ ಹತ್ತಿರದ ಸಾಲುಗಳಲ್ಲಿ ಒಬ್ಬೊಬ್ಬರಿಗೇ ಹೇಳತೊಡಗಿದೆ. ಒಬ್ಬರು ಅಮ್ಮ, ಮಗಳ ಬಾಣಂತನಕ್ಕೆ ಹೊರಟವರು, ಬೆಲ್ಟ್ ಬಿಗಿದು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಎಂತಕ್ಕೆ ಮಗಾ ಬಿಚ್ಚುವುದು? ಕೂತ ಕೂಡಲೇ ಹಾಕಿ ಅಂತ ಅಳಿಯ ಹೇಳಿದ್ದಾರೆ."

"ಎಣ್ಣೆ ತುಂಬಿಸ್ತಿದ್ದಾರೆ ಅಮ್ಮ. ಬೆಂಕಿ ಏನಾದ್ರೂ ಹಿಡಿದ್ರೆ ಬೇಗ ಇಳೀಬೇಕಲ್ಲ, ಅದಕ್ಕೆ."

ಟ್ರೈನಿಂಗಿನಲ್ಲಿ ಕಲಿಸಿದ್ದೂ ಅದೇ, ಕಾರಣವೂ ಸರಿಯೇ. ಅಮ್ಮನಿಗೆ ಕೇಳಿಸಿದ್ದು ಒಂದೇ. "ಬೆಂಕಿಯಾ!" ಅಂತ ಕೂಗಿದರು. ಮುಂದಿನ ಸಾಲಿನವರು ತುಳುವಿನಲ್ಲಿ, ಅವರ ಮುಂದಿನವರು ಮಲಯಾಳದಲ್ಲಿ ಅದನ್ನು ದಾಟಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ರೆಕ್ಕೆಯವರೆಗೆ ಹೋಗಿತ್ತು. ತಲೆ ಮೇಲಿನ ಬಿನ್‌ಗಳು ಪಟಪಟ ತೆರೆದುಕೊಂಡವು. ಬ್ಯಾಗು, ಹಪ್ಪಳದ ಕಟ್ಟು, ಮಗುವಿನ ತೊಟ್ಟಿಲು, ಎಲ್ಲ ಐಲ್‌ಗೆ ಇಳಿಯಿತು. ಇರುವ ಬಾಗಿಲುಗಳಲ್ಲಿ ಅರ್ಧದಷ್ಟರಿಂದಲೇ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಹಾಕಿ ತೋರಿಸಿದರೆ ಮಾತ್ರ ಒಂದು ಮಾದರಿಯ ವಿಮಾನ ಪಾಸಾಗುವುದು ಅಂತ ಓದಿದ್ದೇವೆ. ಆ ಪರೀಕ್ಷೆಯಲ್ಲಿ ಹಪ್ಪಳದ ಕಟ್ಟು ಇತ್ತೋ ಇಲ್ಲವೋ.

ಅಷ್ಟರಲ್ಲಿ ಬಲಗಡೆ ರೆಕ್ಕೆ ಹತ್ತಿರದ ಎಕ್ಸಿಟ್ ಸಾಲಿನ ಹುಡುಗ ಎದ್ದು ಹ್ಯಾಂಡಲ್ ಕವರ್ ಮೇಲೆ ಕೈ ಇಟ್ಟಿದ್ದು ಕಂಡಿತು. ಅಪಾಯ ಬಂದರೆ ನೀವೇ ತೆರೆಯಬೇಕು ಅಂತ ಬೋರ್ಡಿಂಗ್ ಹೊತ್ತಿಗೆ ಬ್ರೀಫ್ ಮಾಡಿದ್ದು ನಾವೇ, ಅವನದ್ದೇನೂ ತಪ್ಪಿಲ್ಲ. ಆದರೆ ಆ ರೆಕ್ಕೆಯ ಅಡಿಯಲ್ಲೇ ಬೌಸರ್, ಅಲ್ಲೇ ಪೈಪ್ ಹಿಡಿದ ಜನ. ನಡುವೆ ಬ್ಯಾಗುಗಳ ರಾಶಿ, ನಾನು ಹಿಂದೆ. ಮುಂದಿನಿಂದ ಲೀಡ್ "ಪ್ಲೀಸ್ ರಿಮೇನ್ ಕಾಮ್" ಅಂತ ಶುರು ಮಾಡಿದಳು. ವಿಮಾನದೊಳಗೆ ಆ ಮಾತು ಕೇಳಿ ಯಾರಾದರೂ ಸುಮ್ನೆ ಕೂತದ್ದುಂಟಾ?

ಹಿಂದಿನ ಹ್ಯಾಂಡ್‌ಸೆಟ್ ತೆಗೆದು ಬಾಯಿಗೆ ಬಂದದ್ದು ಹೇಳಿದೆ. "ಎಲ್ಲರೂ ಕೂತ್ಕೊಳ್ಳಿ. ಎಕ್ಸಿಟ್ ಹತ್ತಿರ ಇರುವ ಅಣ್ಣ, ಕೈ ತೆಗೀರಿ. ಎಣ್ಣೆ ತುಂಬಿಸ್ತಿದ್ದಾರೆ, ಹದಿನೈದು ನಿಮಿಷ. ಬೆಲ್ಟ್ ಹಾಕದೆ ಕೂತ್ಕೊಳ್ಳಿ." ಆಮೇಲೆ ತುಳುವಿನಲ್ಲಿ "ಮಾತೆರ್ಲಾ ಕುಲ್ಲುಲೆ", ಆಮೇಲೆ ನನ್ನ ಹರಕು ಮಲಯಾಳ. ಮೊದಲು ಯಾರೂ ಅಲುಗಲಿಲ್ಲ. ಯಾರೋ ಹಿಂದೆ ನಕ್ಕರು, ಬಹುಶಃ ನನ್ನ ಮಲಯಾಳಕ್ಕೆ. ಆ ನಗುವೇ ಕೆಲಸ ಮಾಡಿತು. ಹುಡುಗ ಕೈ ತೆಗೆದು ಕೂತ. ಕ್ಯಾಪ್ಟನ್ ಫ್ಯುಯೆಲಿಂಗ್ ನಿಲ್ಲಿಸಲು ಹೇಳಿ, ಐಲ್ ಖಾಲಿಯಾದ ಮೇಲೆ ಮತ್ತೆ ಶುರು ಮಾಡಿಸಿದರು. ಅಮ್ಮ ಮಾತ್ರ ದುಬೈವರೆಗೂ ನನ್ನನ್ನು ನಂಬಲಿಲ್ಲ. ಬೆಲ್ಟ್ ಹಾಕಿ ಅಂದಾಗ "ಈಗ ಖಂಡಿತಾ ಹಾಕುವುದಾ?" ಅಂತ ಕೇಳಿದರು.

ಅಮ್ಮ ಹೆದರಿದ್ದರಲ್ಲಿ ತಪ್ಪಿಲ್ಲ. 2007ರಲ್ಲಿ ಜಪಾನಿನ ನಾಹಾದಲ್ಲಿ ಇಳಿದು ಬೇಯಲ್ಲಿ ಬಂದು ನಿಂತ ವಿಮಾನಕ್ಕೇ ಬೆಂಕಿ ಬಿತ್ತು. ಕಳಚಿದ ಬೋಲ್ಟ್ ಒಂದು ಟ್ಯಾಂಕ್ ತೂತು ಮಾಡಿತ್ತು. 165 ಜನರೂ ಬದುಕಿದರು. 2025ರ ಜನವರಿಯಲ್ಲಿ ಕೊರಿಯಾದ ಬೂಸಾನ್‌ನಲ್ಲಿ ಹೊರಡಲು ಕಾಯುತ್ತಿದ್ದ ವಿಮಾನದ ಬಿನ್‌ನೊಳಗೇ ಬೆಂಕಿ ಹತ್ತಿತು. 176 ಜನರೂ ಹೊರಬಂದರು. ಪವರ್ ಬ್ಯಾಂಕ್ ಇರಬಹುದು ಅಂತ ತನಿಖೆಯವರು ಹೇಳಿದ್ದಾರೆ. ಹಾಗಾಗಿ ಕಾಯುವ ಹೊತ್ತಿನಲ್ಲಿ ಪವರ್ ಬ್ಯಾಂಕ್ ಬಿನ್‌ಗೆ ಹಾಕುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬೈದರೆ ಬೈಯಲಿ.

ಮಾತಿನ ಕ್ರಮವನ್ನೂ ಬದಲಾಯಿಸಿದ್ದೇನೆ. ಮೊದಲು ಏನು ಮಾಡಬೇಕು ಅಂತ, ಆಮೇಲೆ ಎಷ್ಟು ಹೊತ್ತು ಅಂತ. ಯಾಕೆ ಅನ್ನುವುದು ಕೇಳಿದವರಿಗೆ ಮಾತ್ರ, ಅದೂ ಮೆಲ್ಲಗೆ. 'ಬೆಲ್ಟ್' ಅನ್ನುವ ಮೊದಲೇ 'ಹಾಗೇ ಆರಾಮಾಗಿ ಕೂತಿರಿ' ಅನ್ನುತ್ತೇನೆ. ಎಷ್ಟು ನಿಮಿಷ ಅಂತ ಹೇಳಿಬಿಟ್ಟರೆ ಅರ್ಧ ಗಲಾಟೆ ಇಲ್ಲ, ಹೇಳಿದ್ದಕ್ಕಿಂತ ಜಾಸ್ತಿ ಆದರೆ ಮತ್ತೆ ಹೋಗಿ ಹೇಳಬೇಕು ಅಷ್ಟೆ.

ಆಫೀಸಿನವರು ಕೇಳಿದ ಪ್ರಶ್ನೆ ಒಂದೇ, ಪಿಎ ಬುಕ್‌ನಲ್ಲಿ ಇಲ್ಲದ್ದನ್ನು ಯಾಕೆ ಹೇಳಿದೆ ಅಂತ. ಬುಕ್‌ನಲ್ಲಿ ಇದ್ದದ್ದು ಯಾರಿಗೂ ತಲುಪಲಿಲ್ಲ ಅನ್ನುವುದಕ್ಕೆ ಫಾರ್ಮಿನಲ್ಲಿ ಕಾಲಮ್ ಇಲ್ಲ. ಮಂಗಳೂರು ಸೆಕ್ಟರಿಗೆ ಕನ್ನಡ, ತುಳು, ಮಲಯಾಳ ಸಾಲು ಸೇರಿಸಿ ಅಂತ ಮೇಲ್ ಹಾಕಿದೆ. 'ನೋಟೆಡ್' ಅಂತ ಉತ್ತರ ಬಂತು, ಅಲ್ಲಿಗೇ ನಿಂತಿದೆ. ಸದ್ಯಕ್ಕೆ ನನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟದ್ದನ್ನೇ ಓದುತ್ತೇನೆ. ಹೊಸ ಹುಡುಗಿಯರು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೂ ಮೆಮೋ ಬಂದರೆ ಆಗ ನೋಡಿಕೊಳ್ಳುವ.