ಅಮ್ಮ ಕಂಡ ಹೊಲಿಗೆ

"ಇದನ್ನ ಹೊಲಿದಿದ್ದಾರೆ ಕಣೇ." ಶನಿವಾರದಿಂದ ಅಮ್ಮನ ಈ ಮಾತು ತಲೆಯಲ್ಲೇ ಕೂತಿದೆ.

ನ್ಯೂಯಾರ್ಕಿನ ಮೋಮಾ ಅನ್ನೋ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಅಮೆರಿಕದ ಚಿತ್ರಕಾರ ಜಾನ್ ಮರಿನ್ ಅವರ ಲೋಯರ್ ಮ್ಯಾನ್‌ಹ್ಯಾಟನ್ ಚಿತ್ರದ ಮುಂದೆ ನಿಂತಿದ್ದೆವು. 1922ರ ಜಲವರ್ಣ. ವುಲ್‌ವರ್ತ್ ಕಟ್ಟಡದ ತುದಿಯಿಂದ ಕಂಡ ಊರು. 792 ಅಡಿ ಎತ್ತರದ ಆ ಕಟ್ಟಡ ಆಗ ಪ್ರಪಂಚದಲ್ಲೇ ಎತ್ತರದ್ದು, ಅಲ್ಲಿಂದ ಬಗ್ಗಿ ನೋಡಿದರೆ ಯಾರಿಗೆ ತಾನೇ ತಲೆ ತಿರುಗಲ್ಲ? ಚಿತ್ರದಲ್ಲೂ ಹಾಗೇ, ಇದ್ದಿಲಿನ ಕಪ್ಪು ಗೆರೆಗಳು ಒಂದರ ಮೇಲೊಂದು ನುಗ್ಗುತ್ತವೆ, ನಡುವೆ ಬಣ್ಣ ಹರಿದಾಡುತ್ತದೆ.

ಪಕ್ಕದಲ್ಲಿದ್ದವನೊಬ್ಬ "ನನ್ನ ಮಗಳೂ ಹೀಗೆ ಬಿಡಿಸ್ತಾಳೆ" ಅಂತ ಹೇಳಿ, ಫೋಟೋ ತೆಗೆದು ಹೊರಟ. ನನಗೆ ನಿಜಕ್ಕೂ ಸಿಟ್ಟು ಬಂತು. ಮರಿನ್ ಮೊದಲು ಆರ್ಕಿಟೆಕ್ಟ್ ಆಗಿ ಕೆಲಸ ಮಾಡಿದವರು. ನೆಟ್ಟಗೆ ಗೆರೆ ಎಳೆಯೋದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಊರಿನ ಜೀವ ಅಂದರೆ ಬರೀ ಜನ ಅಲ್ಲ, ಕಟ್ಟಡಗಳೂ ಬದುಕಿವೆ ಅಂತ ನಂಬಿದ್ದರು, ಅದಕ್ಕೇ ಹೀಗೆ ಬಿಡಿಸಿದರು.

ಅಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕೆಳಗಡೆ ಸೂರ್ಯನ ಹಾಗೆ ಕತ್ತರಿಸಿದ ಒಂದು ಕಾಗದದ ತುಂಡು ಇದೆ. ಅದನ್ನು ದಾರದಲ್ಲಿ ಹೊಲಿದಿದ್ದಾರೆ! ಪಕ್ಕದ ಚೀಟಿಯಲ್ಲಿ ದಾರ ಅಂತ ಬರೆದಿತ್ತು, ನಾನು ಓದಿಯೂ ಇದ್ದೆ, ಆದರೆ ಕಂಡಿದ್ದು ಇಂಗ್ಲಿಷ್ ಬಾರದ ಅಮ್ಮನಿಗೆ.

"ಅಂಟು ಯಾಕೆ ಹಾಕಲಿಲ್ಲ?" ಅಂದೆ.

"ಬ್ಲೌಸಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ನೋಡಲ್ವಾ, ಹಾಗಿರಬೇಕು. ಸರಿ ಕಾಣದಿದ್ರೆ ಬಿಚ್ಚಿ ಇನ್ನೊಂದು ಕಡೆ ಇಡಬಹುದು."

ಮರಿನ್ ಮನಸ್ಸಿನಲ್ಲೂ ಇದೇ ಇತ್ತಾ, ಹೇಳೋರು ಯಾರು. ಆದರೆ ಆ ಚಿತ್ರದ ಬಗ್ಗೆ ನಾನು ಕೇಳಿದ ಒಳ್ಳೆ ಮಾತು ಇದೇ. ಮೂವತ್ತು ವರ್ಷ ನಡುಮನೆಯಲ್ಲಿ ಮಷಿನ್ ತುಳಿದು ನನ್ನನ್ನು ಓದಿಸಿದವರು ಅಮ್ಮ. ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡೋದನ್ನು ದಿನಾ ನೋಡಿದ್ದೇನೆ. ಎಲ್ಲಿ ಕತ್ತರಿ ಹಾಕಬೇಕು, ಎಲ್ಲಿ ತಡೆಯಬೇಕು ಅಂತ ಅವರು ಎಷ್ಟು ಯೋಚನೆ ಮಾಡುತ್ತಿದ್ದರು ಅಂತ ಒಂದು ದಿನವೂ ಕೇಳಲಿಲ್ಲ. ಕಾಲೇಜಿಗೆ ಹೋದಮೇಲೆ ರೆಡಿಮೇಡ್ ಸಾಕು ಅಂದುಬಿಟ್ಟೆ. ಅವರೂ ಸುಮ್ನಾದರು.

ವಾಪಸ್ ಬರುವಾಗ ವರ್ಲ್ಡ್ ಟ್ರೇಡ್ ಸೆಂಟರ್ ಹತ್ತಿರ ರೈಲಿಳಿದು, ಅಮ್ಮನಿಗೆ ನಿಜವಾದ ವುಲ್‌ವರ್ತ್ ತೋರಿಸಿದೆ. ಕತ್ತೆತ್ತಿ ತುಂಬಾ ಹೊತ್ತು ನೋಡಿದರು.

"ಇದು ನಿಂತಿದೆ. ಅದರಲ್ಲಿ ಓಡ್ತಾ ಇತ್ತು."